ಒಡಹುಟ್ಟಿದವರ ಅಸ್ಥಿಮಜ್ಜೆ ಮತ್ತು ನಮ್ಮ ಆತ್ಮಸಾಕ್ಷಿ

ನಮ್ಮ ದೇಹದಲ್ಲಿ ಹರಿಯುವ ರಕ್ತವು ಅನುದಿನವೂ ಹೊಸದಾಗಿ ಉಕ್ಕುವ ಒರತೆಯಂತೆ. ಎಲುಬುಗಳ ಒಳಗೆ ಅಡಗಿರುವ ಮಜ್ಜೆಯು ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳದು ಎಂಟು ಹತ್ತು ದಿನ. ಸೋಂಕನ್ನು ಎದುರಿಸುವ ಬಿಳಿಕಣಗಳಲ್ಲಿ ಹಲವದು ಅದಕ್ಕಿಂತಲೂ ಅಲ್ಪ. ಈ ಎಲ್ಲ ಕಣಗಳಿಗೂ ಮೂಲವಾದ ತಾಯಿಕೋಶಗಳಿಗೆ ಆಕರ ಕೋಶಗಳೆಂದು ಹೆಸರು. ಆಸ್ಪತ್ರೆಗಳಲ್ಲಿ ಸ್ಟೆಮ್ ಸೆಲ್ ಎನ್ನುತ್ತಾರೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ದೋಷದ ಕಾರಣ ಈ ಒರತೆ ಕ್ರಮೇಣ ಬತ್ತಿಹೋಗುತ್ತದೆ. ಅಂತಹ ಮಗುವಿಗೆ ಇನ್ನೊಬ್ಬರ ಆರೋಗ್ಯಕರ ಆಕರ ಕೋಶಗಳನ್ನು ನೀಡಿ, ಬತ್ತಿದ ಒರತೆಯನ್ನು ಮತ್ತೆ ಉಕ್ಕಿಸುವ ಚಿಕಿತ್ಸೆ ಇಂದು ನಮ್ಮ ದೇಶದಲ್ಲಿಯೂ ಲಭ್ಯವಿದೆ.

ಆದರೆ ಈ ಚಿಕಿತ್ಸೆಯ ಹೆಸರೆತ್ತಿದೊಡನೆ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಎರಡು ಅಂಜಿಕೆಗಳು ಮೂಡುವುದನ್ನು ನಾವು ಕಂಡಿದ್ದೇವೆ. ‘ಸ್ಟೆಮ್ ಸೆಲ್ ಎಂಬುದನ್ನು ಧರ್ಮಸಭೆ ನಿಷೇಧಿಸಿದೆಯಲ್ಲವೇ?’ ಎಂಬುದು ಮೊದಲನೆಯದು. ‘ಒಂದು ಮಗುವನ್ನು ಉಳಿಸಲು ಹೋಗಿ ಮಜ್ಜೆ ಕೊಡುವ ಇನ್ನೊಂದು ಮಗುವನ್ನೂ ಕಳೆದುಕೊಂಡೇವೇ?’ ಎಂಬುದು ಎರಡನೆಯದು. ಈ ಅಂಜಿಕೆಗಳ ನಡುವೆ ತಿಂಗಳುಗಳು ಉರುಳುತ್ತವೆ. ಮಗುವಿನ ಸ್ಥಿತಿ ಬಿಗಡಾಯಿಸುತ್ತದೆ. ಆದ್ದರಿಂದ ಈ ವಾರ ಈ ವಿಷಯವನ್ನು ಆಮೂಲಾಗ್ರವಾಗಿ ಪರಿಶೀಲಿಸೋಣ.

ರೋಗದ ಸ್ವರೂಪ

1927ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಮಕ್ಕಳ ವೈದ್ಯ ಗೀಡೋ ಫ್ಯಾಂಕೋನಿಯವರು ಒಂದೇ ಮನೆಯ ಮೂವರು ಸಹೋದರರಲ್ಲಿ ತೀವ್ರ ರಕ್ತಹೀನತೆಯನ್ನೂ ಅದರೊಡನೆ ಕೆಲವು ಜನ್ಮಜಾತ ಅಂಗದೋಷಗಳನ್ನೂ ಗುರುತಿಸಿ ವರದಿ ಮಾಡಿದರು. ಅಂದಿನಿಂದ ಆ ರೋಗಕ್ಕೆ ಫ್ಯಾಂಕೋನಿ ಅನೀಮಿಯಾ ಎಂಬ ಹೆಸರು ಬಂದಿತು. ಆನುವಂಶಿಕ ಮಜ್ಜಾವೈಫಲ್ಯಗಳಲ್ಲಿ ಇದು ಬಹುವಾಗಿ ಅಧ್ಯಯನಕ್ಕೆ ಒಳಗಾದದ್ದು. ಡೈಮಂಡ್-ಬ್ಲಾಕ್‌ಫ್ಯಾನ್ ಅನೀಮಿಯಾ, ಡಿಸ್ಕೆರಟೋಸಿಸ್ ಕಂಜೆನಿಟಾ, ಶ್ವಾಖ್‌ಮನ್-ಡೈಮಂಡ್ ರೋಗ ಮುಂತಾದವು ಇದೇ ಗುಂಪಿಗೆ ಸೇರಿದವು.

ನಮ್ಮ ಜೀವಕೋಶಗಳ ಡಿಎನ್‌ಎ ಎಳೆಗಳಿಗೆ ದಿನವೂ ಸಣ್ಣಪುಟ್ಟ ಹಾನಿಗಳು ಸಂಭವಿಸುತ್ತಿರುತ್ತವೆ. ಕೋಶವು ತಾನೇ ಅವನ್ನು ಸರಿಪಡಿಸಿಕೊಳ್ಳುತ್ತದೆ. ಎರಡು ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದಂತಾದಾಗ ಅದನ್ನು ಸರಿಪಡಿಸುವ ಕೆಲಸದಲ್ಲಿ ಹಲವು ವಂಶವಾಹಿಗಳು ಜೊತೆಗೂಡಿ ದುಡಿಯುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ಫ್ಯಾಂಕೋನಿ ಅನೀಮಿಯಾ ಬರುತ್ತದೆ. ಅಂತಹ 20ಕ್ಕೂ ಹೆಚ್ಚು ವಂಶವಾಹಿಗಳನ್ನು ಇಲ್ಲಿಯವರೆಗೆ ಪತ್ತೆಹಚ್ಚಲಾಗಿದೆ. ಬಹುಪಾಲು ಕುಟುಂಬಗಳಲ್ಲಿ ತಂದೆ ತಾಯಿ ಇಬ್ಬರೂ ದೋಷದ ಒಂದೊಂದು ಪ್ರತಿಯನ್ನು ಹೊತ್ತಿರುತ್ತಾರೆ. ತಾವು ಆರೋಗ್ಯವಾಗಿಯೇ ಇರುತ್ತಾರೆ. ಅಂತಹ ದಂಪತಿಗಳಿಗೆ ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಹೆಬ್ಬೆರಳು ಸಣ್ಣದಾಗಿರುವುದು ಅಥವಾ ಇಲ್ಲದಿರುವುದು, ಮುಂಗೈ ಎಲುಬಿನ ಊನ, ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆಗಳು, ಓರಗೆಯ ಮಕ್ಕಳಿಗಿಂತ ಕುಳ್ಳಾಗಿರುವುದು, ಮೂತ್ರಪಿಂಡದ ದೋಷ ಇವು ಈ ರೋಗದ ಹೊರಗುರುತುಗಳು. ಕೆಲವು ಮಕ್ಕಳಲ್ಲಿ ಇಂತಹ ಯಾವ ಗುರುತೂ ಇರುವುದಿಲ್ಲ. ಸಾಮಾನ್ಯವಾಗಿ ಹತ್ತು ವರ್ಷ ತುಂಬುವುದರೊಳಗೆ ಮಗು ಬಿಳಿಚಿಕೊಳ್ಳತೊಡಗುತ್ತದೆ. ಮೂಗಿನಿಂದಲೂ ವಸಡಿನಿಂದಲೂ ರಕ್ತ ಒಸರುತ್ತದೆ. ಜ್ವರ ಬಿಟ್ಟೂ ಬಿಡದೆ ಕಾಡುತ್ತದೆ. ಮನೆಯವರು ಕಬ್ಬಿಣಾಂಶದ ಟಾನಿಕ್ಕು ಕುಡಿಸುತ್ತಾರೆ, ಹರಕೆ ಹೊರುತ್ತಾರೆ. ಮಜ್ಜೆಯೇ ಸೋತಿರುವಾಗ ಟಾನಿಕ್ಕಿನಿಂದ ಪ್ರಯೋಜನವಿಲ್ಲ. ರಕ್ತದ ಕೋಶಗಳನ್ನು ಪ್ರಯೋಗಾಲಯದಲ್ಲಿ ಡಿಎನ್‌ಎ ಎಳೆಗಳನ್ನು ಬೆಸೆಯುವ ರಾಸಾಯನಿಕಕ್ಕೆ ಒಡ್ಡಿ, ವರ್ಣತಂತುಗಳು ಎಷ್ಟು ಮುರಿಯುತ್ತವೆ ಎಂದು ನೋಡುವ ಒಂದು ಪರೀಕ್ಷೆಯಿದೆ. ರೋಗವನ್ನು ಖಚಿತಪಡಿಸುವುದು ಅದೇ.

ಮಜ್ಜೆ ಕಸಿಯ ದಾರಿ

ಒಬ್ಬರ ಮಜ್ಜೆಯನ್ನು ಮತ್ತೊಬ್ಬರಿಗೆ ನೀಡುವ ಪ್ರಯತ್ನವನ್ನು ಅಮೆರಿಕದ ಡಾ. ಡೊನಾಲ್ ಥಾಮಸ್ ಅವರು 1950ರ ದಶಕದಲ್ಲಿ ಆರಂಭಿಸಿದರು. ಆರಂಭದಲ್ಲಿ ಸೋಲುಗಳೇ ಹೆಚ್ಚು. ದಾನಿಯ ಮತ್ತು ರೋಗಿಯ ಅಂಗಾಂಶಗಳು ಹೊಂದಬೇಕೆಂಬ ರಹಸ್ಯ ಆಗಿನ್ನೂ ತಿಳಿದಿರಲಿಲ್ಲ. ಫ್ರಾನ್ಸಿನ ಡಾ. ಝಾನ್ ದೋಸೆಯವರು 1958ರಲ್ಲಿ ಎಚ್‌ಎಲ್‌ಎ ಎಂಬ ಅಂಗಾಂಶ ಗುರುತುಗಳನ್ನು ಕಂಡುಹಿಡಿದ ಮೇಲೆ ದಾರಿ ಸ್ಪಷ್ಟವಾಯಿತು. 1968ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ್ದ ಗಂಡುಮಗುವೊಂದು ಅಕ್ಕನ ಮಜ್ಜೆಯಿಂದ ಬದುಕಿತು. ದೋಸೆಯವರಿಗೆ 1980ರಲ್ಲಿಯೂ ಥಾಮಸರಿಗೆ 1990ರಲ್ಲಿಯೂ ನೊಬೆಲ್ ಪಾರಿತೋಷಕ ಸಂದಿತು.

ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬರ ಎಚ್‌ಎಲ್‌ಎ ಇನ್ನೊಬ್ಬರಿಗೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊಂದುವ ಒಡಹುಟ್ಟಿದವರು ದೊರೆತರೆ ಅದೇ ಅತ್ಯುತ್ತಮ. ಮೊದಲು ರೋಗಿಯ ಹಳೆಯ ಮಜ್ಜೆಯನ್ನು ಔಷಧಿಗಳಿಂದ ತೆರವುಗೊಳಿಸುತ್ತಾರೆ. ನಂತರ ದಾನಿಯ ಮಜ್ಜೆಯನ್ನು ರಕ್ತ ಕೊಡುವಂತೆಯೇ ನರದ ಮೂಲಕ ಹರಿಸುತ್ತಾರೆ. ಆಕರ ಕೋಶಗಳು ತಾವಾಗಿಯೇ ಎಲುಬಿನೊಳಗೆ ದಾರಿ ಹುಡುಕಿಕೊಂಡು ನೆಲೆಸಿ, ಎರಡರಿಂದ ನಾಲ್ಕು ವಾರಗಳಲ್ಲಿ ಹೊಸ ರಕ್ತವನ್ನು ತಯಾರಿಸತೊಡಗುತ್ತವೆ.

ಫ್ಯಾಂಕೋನಿ ಮಕ್ಕಳ ವಿಷಯದಲ್ಲಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಮಜ್ಜೆಯನ್ನು ತೆರವುಗೊಳಿಸಲು ಇತರ ರೋಗಿಗಳಿಗೆ ಕೊಡುವ ಪ್ರಮಾಣದ ಔಷಧಿಯನ್ನು ಈ ಮಕ್ಕಳ ಕೋಶಗಳು ತಾಳಲಾರವು. ರಿಪೇರಿಯ ಶಕ್ತಿಯೇ ಅವುಗಳಿಗಿಲ್ಲ. ಮೊದಲ ದಿನಗಳಲ್ಲಿ ಚಿಕಿತ್ಸೆಯೇ ಮಕ್ಕಳನ್ನು ಬಲಿತೆಗೆದುಕೊಂಡದ್ದುಂಟು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಡಾ. ಎಲಿಯಾನ್ ಗ್ಲುಕ್‌ಮನ್ ಅವರು 1980ರ ದಶಕದಲ್ಲಿ ಔಷಧಿಯ ಪ್ರಮಾಣವನ್ನು ಬಹಳಷ್ಟು ತಗ್ಗಿಸಿ ಮಕ್ಕಳನ್ನು ಉಳಿಸುವ ಕ್ರಮವನ್ನು ರೂಪಿಸಿದರು. ಆದ್ದರಿಂದಲೇ ಕಸಿಗೆ ಮೊದಲು ರೋಗದ ನಿಖರವಾದ ಹೆಸರು ತಿಳಿದಿರುವುದು ಪ್ರಾಣದ ಪ್ರಶ್ನೆ.

ಮಜ್ಜೆ ಕಸಿಯಿಂದ ಸರಿಹೋಗುವುದು ರಕ್ತ ಮಾತ್ರ ಎಂಬುದನ್ನೂ ಮರೆಯಲಾಗದು. ದೇಹದ ಉಳಿದ ಕೋಶಗಳಲ್ಲಿ ದೋಷ ಹಾಗೆಯೇ ಉಳಿಯುತ್ತದೆ. ಮುಂದೆ ಬಾಯಿ, ಗಂಟಲುಗಳ ಅರ್ಬುದ ರೋಗದ ಅಪಾಯ ಇತರರಿಗಿಂತ ಹೆಚ್ಚು. ಗುಣಹೊಂದಿದ ಮಗು ಬೆಳೆದ ಮೇಲೆ ತಂಬಾಕನ್ನೂ ಮದ್ಯವನ್ನೂ ಮುಟ್ಟಕೂಡದು, ಆಗಾಗ ಬಾಯಿಯ ತಪಾಸಣೆ ಮಾಡಿಸಬೇಕು. ಕೆಲವೊಮ್ಮೆ ದಾನಿಯ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಭಾವಿಸಿ ಅದರ ಮೇಲೆರಗುವುದೂ ಉಂಟು. ಇದೆಲ್ಲವನ್ನೂ ಅರಿತೇ ತಂದೆತಾಯಿಗಳು ಹೆಜ್ಜೆಯಿಡಬೇಕು.

ಎರಡು ಜನನಗಳು

1988ರ ಅಕ್ಟೋಬರಿನಲ್ಲಿ ಅದೇ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಒಂದು ಹೊಸ ಅಧ್ಯಾಯ ಆರಂಭವಾಯಿತು. ಫ್ಯಾಂಕೋನಿ ಅನೀಮಿಯಾದಿಂದ ನರಳುತ್ತಿದ್ದ ಐದು ವರ್ಷದ ಅಮೆರಿಕನ್ ಬಾಲಕನಿಗೆ ಆ ವರ್ಷ ಒಬ್ಬಳು ತಂಗಿ ಹುಟ್ಟಿದ್ದಳು. ಹೆರಿಗೆಯ ನಂತರ ಬಿಸಾಡಲ್ಪಡುವ ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಕರ ಕೋಶಗಳು ಸಮೃದ್ಧವಾಗಿವೆಯೆಂದು ತೋರಿಸಿದ್ದ ಇಂಡಿಯಾನಾದ ವಿಜ್ಞಾನಿ ಹಾಲ್ ಬ್ರಾಕ್ಸ್‌ಮೈಯರ್ ಅವರು ಆ ರಕ್ತವನ್ನು ಹೆಪ್ಪಾಗದಂತೆ ಶೀತಲೀಕರಿಸಿ ಇಟ್ಟರು. ಅದು ಪ್ಯಾರಿಸ್ಸಿಗೆ ಸಾಗಿತು. ಗ್ಲುಕ್‌ಮನ್ ಅವರು ಅದನ್ನು ಬಾಲಕನಿಗೆ ನೀಡಿದರು. ಲೋಕದಲ್ಲಿಯೇ ಮೊತ್ತಮೊದಲ ಹೊಕ್ಕುಳಬಳ್ಳಿ ರಕ್ತದ ಕಸಿಯದು. ಬಾಲಕ ಬದುಕಿದನು, ಬೆಳೆದು ದೊಡ್ಡವನಾದನು. ತಂಗಿಯ ದೇಹಕ್ಕೆ ಒಂದು ಸೂಜಿಯೂ ಚುಚ್ಚಲಿಲ್ಲ.

2000ದ ಇಸವಿಯಲ್ಲಿ ಇದೇ ರೋಗಕ್ಕೆ ಸಂಬಂಧಿಸಿ ಮತ್ತೊಂದು ಸುದ್ದಿ ಲೋಕವನ್ನು ಚಿಂತನೆಗೆ ಹಚ್ಚಿತು. ಅಮೆರಿಕದ ಕೊಲರಾಡೊ ರಾಜ್ಯದ ದಂಪತಿಗಳು ತಮ್ಮ ಆರು ವರ್ಷದ ಮಗಳನ್ನು ಉಳಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಹಲವು ಭ್ರೂಣಗಳನ್ನು ಸೃಷ್ಟಿಸಲು ಒಪ್ಪಿದರು. ರೋಗವಿಲ್ಲದ, ಅಕ್ಕನಿಗೆ ಎಚ್‌ಎಲ್‌ಎ ಹೊಂದುವ ಭ್ರೂಣವನ್ನು ಆರಿಸಿ ತಾಯಿಯ ಗರ್ಭಕ್ಕೆ ಸೇರಿಸಲಾಯಿತು. ಆಗಸ್ಟ್ ತಿಂಗಳಿನಲ್ಲಿ ಗಂಡುಮಗು ಹುಟ್ಟಿತು, ಅದರ ಹೊಕ್ಕುಳಬಳ್ಳಿಯ ರಕ್ತವನ್ನು ಮಿನ್ನಿಯಾಪೊಲಿಸ್‌ನಲ್ಲಿ ಅಕ್ಕನಿಗೆ ಕೊಡಲಾಯಿತು, ಅವಳೂ ಬದುಕಿದಳು. ನಮ್ಮ ದೇಶದಲ್ಲಿಯೂ 2020ರಲ್ಲಿ ಅಹಮದಾಬಾದಿನಲ್ಲಿ, ಹೀಗೆಯೇ ಆಯ್ಕೆಗೊಂಡು ಜನಿಸಿ ಒಂದು ವರ್ಷ ದಾಟಿದ್ದ ತಂಗಿಯ ಮಜ್ಜೆಯಿಂದ ಥಲಸ್ಸೇಮಿಯಾ ಪೀಡಿತ ಅಣ್ಣನಿಗೆ ಚಿಕಿತ್ಸೆ ನಡೆಯಿತು.

ಈ ಎರಡು ಬಗೆಯ ಘಟನೆಗಳಲ್ಲಿಯೂ ಫಲ ಒಂದೇ: ಸಾವಿನಂಚಿನಲ್ಲಿದ್ದ ಮಗು ಬದುಕಿತು. ಹಾಗಾದರೆ ಭೇದವೆಲ್ಲಿ? ಮೊದಲನೆಯದರಲ್ಲಿ ಅಣ್ಣನಿಗೆ ದೊರೆತ ಆಕರ ಕೋಶಗಳಿಗಾಗಿ ಯಾವ ಜೀವವೂ ಬೆಲೆ ತೆರಲಿಲ್ಲ. ಎರಡನೆಯದರಲ್ಲಿ ಒಂದು ಭ್ರೂಣವನ್ನು ಆರಿಸಿದಾಗ ಉಳಿದವುಗಳನ್ನು ಬದಿಗೆ ಸರಿಸಲಾಯಿತು. ಅವುಗಳೂ ಅದೇ ತಂದೆತಾಯಿಗಳಿಂದ ಬಂದ ಮಾನವ ಜೀವಗಳೇ. ಅವುಗಳ ಏಕೈಕ ಅಪರಾಧವೆಂದರೆ ಹೊಂದದಿದ್ದದ್ದು ಅಥವಾ ರೋಗವನ್ನು ಹೊತ್ತಿದ್ದದ್ದು. ರೋಗವುಳ್ಳ ಅಕ್ಕನನ್ನು ಅಷ್ಟೊಂದು ಪ್ರೀತಿಸಿದ ಮನೆಯೇ, ಅದೇ ರೋಗವುಳ್ಳ ಭ್ರೂಣಕ್ಕೆ ಬಾಗಿಲು ಮುಚ್ಚಬೇಕಾಗಿ ಬಂದಿತಲ್ಲ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಆ ತಂದೆತಾಯಿಗಳ ಸಂಕಟವನ್ನು ಅಳೆಯುವ ಅಧಿಕಾರ ನಮಗಿಲ್ಲ. ಹುಟ್ಟಿದ ಮಗುವಂತೂ ದೇವರ ವರವೇ. ಅದರ ಘನತೆಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಪ್ರಶ್ನೆಯಿರುವುದು ದಾರಿಯ ಬಗ್ಗೆ.

ಧರ್ಮಸಭೆಯ ನಿಲುವು

ಧರ್ಮಸಭೆ ಈ ಭೇದವನ್ನು ಸ್ಪಷ್ಟವಾಗಿಯೇ ಬೋಧಿಸಿದೆ. 1987ರ ‘ದೋನುಂ ವೀತೆ’ ಎಂಬ ಬೋಧನೆ, ಗರ್ಭದಲ್ಲಿರುವ ಶಿಶುವಿನ ಪರೀಕ್ಷೆಯು ಅದರ ಜೀವರಕ್ಷಣೆಗೆ ಪೂರಕವಾಗಿದ್ದರೆ ಒಪ್ಪಬಹುದಾದದ್ದೆಂದೂ ಗರ್ಭಪಾತದ ಉದ್ದೇಶದಿಂದ ಮಾಡಿದರೆ ಒಪ್ಪಲಾಗದ್ದೆಂದೂ ತಿಳಿಸಿತು. 2000ದ ಆಗಸ್ಟ್ 29ರಂದು ರೋಮಿನಲ್ಲಿ ನೆರೆದಿದ್ದ ಅಂಗಾಂಗ ಕಸಿ ತಜ್ಞರನ್ನು ಉದ್ದೇಶಿಸಿ ಮಾತನಾಡಿದ ಜಗದ್ಗುರು ದ್ವಿತೀಯ ಜಾನ್ ಪೌಲರು ಅಂಗದಾನವನ್ನು ಪ್ರೀತಿಯ ಕಾರ್ಯವೆಂದು ಹೊಗಳಿ, ಭ್ರೂಣಗಳನ್ನು ನಾಶಪಡಿಸುವ ಮಾರ್ಗವನ್ನು ತಿರಸ್ಕರಿಸಿ, ವಯಸ್ಕರ ದೇಹದಿಂದ ಪಡೆಯುವ ಆಕರ ಕೋಶಗಳತ್ತ ವಿಜ್ಞಾನಿಗಳ ಗಮನ ಸೆಳೆದರು. 2008ರ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ಬೋಧನೆಯಂತೂ ಯಾವ ಸಂದೇಹಕ್ಕೂ ಎಡೆಗೊಡದಂತೆ ಬರೆಯಿತು: ಬೆಳೆದ ದೇಹದಿಂದಾಗಲಿ ಹೆರಿಗೆಯ ವೇಳೆ ಹೊಕ್ಕುಳಬಳ್ಳಿಯ ರಕ್ತದಿಂದಾಗಲಿ, ಕೊಡುವವರಿಗೆ ಗಂಭೀರ ಹಾನಿಯಾಗದಂತೆ ಪಡೆದ ಆಕರ ಕೋಶಗಳ ಬಳಕೆ ಧರ್ಮಸಮ್ಮತ, ಜೀವಂತ ಭ್ರೂಣವನ್ನು ಕೊಂದು ಪಡೆಯುವುದು ಮಾತ್ರ ಎಂದಿಗೂ ಸಲ್ಲದು.

ಆದುದರಿಂದ ನಮ್ಮ ಆಸ್ಪತ್ರೆಗಳಲ್ಲಿ ನಡೆಯುವ ಮಜ್ಜೆ ಕಸಿಗೆ ಧರ್ಮಸಭೆಯ ಆಕ್ಷೇಪಣೆಯಿಲ್ಲ. ಆ ಆಕರ ಕೋಶಗಳು ಬರುವುದು ಅಣ್ಣ, ತಂಗಿ, ತಂದೆ, ತಾಯಿ ಅಥವಾ ದೂರದೂರಿನ ಅಪರಿಚಿತ ದಾನಿಯ ಮಜ್ಜೆಯಿಂದಲೋ ರಕ್ತದಿಂದಲೋ. ‘ಸ್ಟೆಮ್ ಸೆಲ್’ ಎಂಬ ಪದವನ್ನು ಕೇಳಿ ಬೆದರಿ ಮಗುವನ್ನು ಮನೆಗೆ ಕರೆತರುವ ಅಗತ್ಯ ಯಾವ ಕಥೋಲಿಕ ತಂದೆತಾಯಿಗಳಿಗೂ ಇಲ್ಲ.

ಕೊಡುವ ಮಗುವೂ ಮಗುವೇ

ಇನ್ನು ಎರಡನೆಯ ಅಂಜಿಕೆ. ದಾನಿಗೆ ಅರಿವಳಿಕೆ ಕೊಟ್ಟು, ಸೊಂಟದ ಹಿಂಭಾಗದ ಎಲುಬಿನಿಂದ ಸೂಜಿಯ ಮೂಲಕ ಮಜ್ಜೆಯನ್ನು ತೆಗೆಯುತ್ತಾರೆ. ಕೆಲವು ದಿನ ಸೊಂಟ ನೋಯುತ್ತದೆ, ಆಯಾಸವಿರುತ್ತದೆ. ಕೊಟ್ಟ ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಬೆನ್ನುಹುರಿಗೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಮದುವೆಗೆ, ಮಕ್ಕಳಾಗುವುದಕ್ಕೆ, ದುಡಿಮೆಗೆ ಯಾವ ಅಡ್ಡಿಯೂ ಇಲ್ಲ. ಅರಿವಳಿಕೆಯಿಂದ ಬರಬಹುದಾದ ಅಪಾಯ ಅಲ್ಪವಾದರೂ ಇಲ್ಲವೇ ಇಲ್ಲವೆಂದು ಹೇಳಲಾಗದು.

ಇಲ್ಲಿಯೇ ತತ್ತ್ವಶಾಸ್ತ್ರದ ಕಠಿಣ ಪ್ರಶ್ನೆಯೊಂದು ಏಳುತ್ತದೆ. ಆರು ವರ್ಷದ ಮಗು ತಾನಾಗಿ ಸಮ್ಮತಿ ಕೊಡಲಾರದು. ತನ್ನ ದೇಹಕ್ಕೆ ಯಾವ ಲಾಭವೂ ಇಲ್ಲದ ಚುಚ್ಚುವಿಕೆಗೆ ಅದನ್ನು ಒಡ್ಡಲು ತಂದೆತಾಯಿಗಳಿಗೆ ಹಕ್ಕುಂಟೇ? ಮನುಷ್ಯನನ್ನು ಎಂದಿಗೂ ಕೇವಲ ಸಾಧನವನ್ನಾಗಿ ಬಳಸಬಾರದು, ಅವನು ಸ್ವತಃ ಗುರಿಯಾಗಿದ್ದಾನೆ ಎಂದು ಜರ್ಮನಿಯ ದಾರ್ಶನಿಕ ಇಮ್ಯಾನುಯೆಲ್ ಕಾಂಟರು 1785ರಲ್ಲಿ ಪ್ರತಿಪಾದಿಸಿದರು. ಇನ್ನೊಬ್ಬರ ಒಳಿತನ್ನು ಬಯಸುವುದರಲ್ಲಿಯೇ ಪ್ರೀತಿಯ ಸಾರವಿದೆಯೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಉತ್ತರ ಹೊಳೆಯುತ್ತದೆ. ಮನೆಯಲ್ಲಿ ಅಣ್ಣ ಬದುಕಿ ಉಳಿಯುವುದು ತಂಗಿಯ ಒಳಿತೂ ಹೌದು. ಮತ್ತೆ ತುಂಬಿಕೊಳ್ಳುವ ಮಜ್ಜೆಯನ್ನು, ಅಲ್ಪ ಅಪಾಯದೊಡನೆ, ಅವಳಿಗೆ ತಿಳಿಯುವಂತೆ ಹೇಳಿ ಪಡೆಯುವುದು ಪ್ರೀತಿಯ ಮೇರೆಯೊಳಗಿದೆ. ಅವಳನ್ನು ಅಣ್ಣನ ಔಷಧಿಯ ಬಾಟಲಿಯಂತೆ ಕಾಣುವುದು ಆ ಮೇರೆಯ ಆಚೆಗಿದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಇದಕ್ಕಾಗಿ ಕೆಲವು ನಿಯಮಗಳನ್ನು ಸೂಚಿಸಿತು. ಸಮಾನವಾಗಿ ಹೊಂದುವ ವಯಸ್ಕ ಬಂಧು ಇಲ್ಲದಿದ್ದಾಗ ಮಾತ್ರ ಮಗುವನ್ನು ಕೇಳಬೇಕು. ಇಬ್ಬರು ಮಕ್ಕಳ ನಡುವೆ ಗಾಢವಾದ ಬಾಂಧವ್ಯವಿರಬೇಕು. ರೋಗಿಗೆ ಪ್ರಯೋಜನವಾಗುವ ಸಂಭವ ಸಾಕಷ್ಟಿರಬೇಕು. ದಾನಿಯ ದೇಹ ಮನಸ್ಸುಗಳ ಮೇಲಿನ ಹೊರೆಯನ್ನು ಕನಿಷ್ಠಗೊಳಿಸಬೇಕು. ತಂದೆತಾಯಿಗಳ ಅನುಮತಿಯ ಜೊತೆಗೆ ಮಗುವಿನ ಒಪ್ಪಿಗೆಯನ್ನೂ ಅದರ ವಯಸ್ಸಿಗೆ ತಕ್ಕಂತೆ ಪಡೆಯಬೇಕು. ಈ ನಿಯಮಗಳು ನಮ್ಮ ಮನೆಗಳಿಗೂ ಯೋಗ್ಯವಾದವು.

ಇದಕ್ಕೆ ಗುರುಗಳಾಗಿ ನಾವು ಒಂದು ಮಾತನ್ನು ಸೇರಿಸಬಯಸುತ್ತೇವೆ. ಕಸಿ ಫಲಿಸದೆ ರೋಗಿ ತೀರಿಕೊಂಡಾಗ, ಮಜ್ಜೆ ಕೊಟ್ಟ ಮಗುವು ‘ನನ್ನದು ಚೆನ್ನಾಗಿರಲಿಲ್ಲ, ಆದ್ದರಿಂದ ಅಣ್ಣ ಸತ್ತ’ ಎಂದು ಮನಸ್ಸಿನೊಳಗೇ ಕೊರಗುತ್ತದೆ. ಅದು ಬಾಯಿಬಿಟ್ಟು ಹೇಳುವುದಿಲ್ಲ. ತಂದೆತಾಯಿಗಳು ತಾವಾಗಿಯೇ ಆ ಮಗುವನ್ನು ಹತ್ತಿರ ಕರೆದು, ‘ನೀನು ಕೊಟ್ಟದ್ದು ಒಳ್ಳೆಯದೇ, ಮಗಾ, ರೋಗವೇ ಕ್ರೂರವಾಗಿತ್ತು’ ಎಂದು ಹೇಳಬೇಕು, ಒಮ್ಮೆಯಲ್ಲ, ಹಲವು ಬಾರಿ. ಕಸಿ ಫಲಿಸಿದ ಮನೆಗಳಲ್ಲಿಯೂ ಎಲ್ಲರ ಗಮನ ಗುಣವಾದವನ ಸುತ್ತಲೇ ಸುಳಿಯುತ್ತದೆ. ಕೊಟ್ಟ ಮಗುವಿನ ಶಾಲೆ, ಆಟ, ಹುಟ್ಟುಹಬ್ಬಗಳನ್ನು ಮರೆಯಬಾರದು.

ನಮ್ಮ ನಾಡಿನ ಕುಟುಂಬಗಳಿಗೆ

ಭಾರತದಲ್ಲಿ ಮೊದಲ ಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. 1986ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು. ಇಂದು ಬೆಂಗಳೂರಿನಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ. ಖರ್ಚು ಹಲವು ಲಕ್ಷ ರೂಪಾಯಿಗಳು. ಇಂತಹ ಮನೆಗೆ ನೆರವಾಗುವುದು ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯೊಂದರದೇ ಹೊಣೆಯಲ್ಲ, ನಮ್ಮೆಲ್ಲರದು.

ರಕ್ತಸಂಬಂಧದಲ್ಲಿ ಮದುವೆಯಾಗುವ ಪದ್ಧತಿ ನಮ್ಮ ನಾಡಿನಲ್ಲಿ ಇನ್ನೂ ಬಲವಾಗಿದೆ. ಒಂದೇ ಅಜ್ಜ ಅಜ್ಜಿಯಿಂದ ಬಂದವರಲ್ಲಿ ಒಂದೇ ದೋಷದ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು; ಆದ್ದರಿಂದ ಇಂತಹ ರೋಗಗಳೂ ಹೆಚ್ಚು. ಧರ್ಮಸಭೆಯ 1983ರ ಕಾನೂನು ಸಂಹಿತೆಯು ಅಕ್ಕತಂಗಿಯರ, ಅಣ್ಣತಮ್ಮಂದಿರ ಮಕ್ಕಳ ನಡುವಿನ ವಿವಾಹವನ್ನೂ ಸೋದರಮಾವ ಸೊಸೆಯರ ವಿವಾಹವನ್ನೂ ತಡೆಯುತ್ತದೆ. ವಿನಾಯಿತಿಗಾಗಿ ನಮ್ಮ ಬಳಿ ಬರುವವರು ಈ ವೈದ್ಯಕೀಯ ಸತ್ಯವನ್ನೂ ಯೋಚಿಸಲಿ. ಆದರೆ ರೋಗವುಳ್ಳ ಮಗು ಹುಟ್ಟಿದ ಮೇಲೆ ಸೊಸೆಯನ್ನು ದೂರುವುದು ಅನ್ಯಾಯ. ದೋಷ ಬರುವುದು ಬಹುಪಾಲು ಎರಡೂ ಕಡೆಯಿಂದ. ಅದನ್ನು ಪಾಪದ ಶಿಕ್ಷೆಯೆನ್ನುವುದು ಇನ್ನೂ ದೊಡ್ಡ ಅನ್ಯಾಯ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅಂತಹ ಪ್ರಶ್ನೆಯೆತ್ತಿದಾಗ ಪ್ರಭು ಯೇಸು ಅದನ್ನು ತಳ್ಳಿಹಾಕಿದರೆಂಬುದನ್ನು ಶುಭಸಂದೇಶ ಬಲ್ಲವರೆಲ್ಲ ಬಲ್ಲರು.

ಮನೆಯಲ್ಲಿ ಒಂದು ಮಗುವಿಗೆ ರೋಗ ಖಚಿತವಾದರೆ ಅದರ ಎಲ್ಲ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ನೋಡಲು ಆರೋಗ್ಯವಾಗಿರುವ ತಮ್ಮನಲ್ಲಿಯೂ ರೋಗ ಅಡಗಿರಬಹುದು. ಅವನ ಮಜ್ಜೆಯನ್ನು ಅಣ್ಣನಿಗೆ ಕೊಟ್ಟರೆ ಇಬ್ಬರಿಗೂ ಕೇಡು. ಕಸಿಯ ಯೋಚನೆಯಿದ್ದಾಗ ರಕ್ತ ಕೊಡಲು ಮನೆಯವರು ಮುಂದೆ ಬರಬಾರದೆಂದು ವೈದ್ಯರು ಹೇಳಿದರೆ ಬೇಸರಿಸಬೇಡಿ. ಬಂಧುಗಳ ರಕ್ತ ಪಡೆದ ರೋಗಿಯ ದೇಹವು ಮುಂದೆ ಅವರದೇ ಮಜ್ಜೆಯನ್ನು ತಿರಸ್ಕರಿಸುವ ಭಯವಿದೆ. ರಕ್ತದಾನಕ್ಕೆ ನೆರೆಹೊರೆಯವರು, ಧರ್ಮಕೇಂದ್ರದ ಯುವಕರು ಮುಂದಾಗಲಿ.

ಮತ್ತೊಂದು ಎಚ್ಚರಿಕೆ. ಹೆರಿಗೆಯ ಮುನ್ನ ‘ನಿಮ್ಮ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಅದಕ್ಕಾಗಿಯೇ ಕೂಡಿಡುತ್ತೇವೆ’ ಎಂದು ದುಬಾರಿ ಹಣ ಕೇಳುವ ಖಾಸಗಿ ಸಂಸ್ಥೆಗಳಿವೆ. ಆನುವಂಶಿಕ ರೋಗವಿದ್ದರೆ ಆ ರಕ್ತದಲ್ಲಿಯೂ ಅದೇ ದೋಷವಿರುತ್ತದೆ. ಮಗುವಿಗೆ ಅದು ಉಪಯೋಗಕ್ಕೆ ಬಾರದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಇಂತಹ ಖಾಸಗಿ ಸಂಗ್ರಹವನ್ನು ಜೀವವಿಮೆಯೆಂದು ನಂಬಬಾರದೆಂದು ತಿಳಿಸಿತು. ಮನೆಯಲ್ಲಿ ಈಗಾಗಲೇ ರೋಗವುಳ್ಳ ಮಗುವಿದ್ದು ತಾಯಿ ಮತ್ತೆ ಗರ್ಭಿಣಿಯಾದಾಗ ಮಾತ್ರ ವಿಷಯ ಬೇರೆ. ಅದನ್ನು ಮೊದಲೇ ತಜ್ಞರಲ್ಲಿ ಚರ್ಚಿಸಬೇಕು.

ಒಡಹುಟ್ಟಿದವರು ಹೊಂದದಿದ್ದರೂ ದಾರಿ ಮುಗಿಯುವುದಿಲ್ಲ. ಅರ್ಧದಷ್ಟು ಹೊಂದುವ ತಂದೆ ಅಥವಾ ತಾಯಿಯ ಮಜ್ಜೆಯಿಂದ ಕಸಿ ಮಾಡುವ ವಿಧಾನವೂ ಈಗ ಬಳಕೆಯಲ್ಲಿದೆ. ಅಪರಿಚಿತ ದಾನಿಗಳ ನೋಂದಣಿಗಳೂ ಇವೆ. ಲೋಕದಾದ್ಯಂತ 4 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ಅವರಲ್ಲಿ ಭಾರತೀಯರು ಅತ್ಯಲ್ಪ. ಎಚ್‌ಎಲ್‌ಎ ಜನಾಂಗವನ್ನು ಅನುಸರಿಸುವುದರಿಂದ ನಮ್ಮ ಮಕ್ಕಳಿಗೆ ಹೊಂದುವವರು ನಮ್ಮಲ್ಲಿಯೇ ದೊರೆಯುವ ಸಂಭವ ಹೆಚ್ಚು. 2009ರಲ್ಲಿ ಚೆನ್ನೈಯಲ್ಲಿ ಆರಂಭವಾದ ದಾತ್ರಿ ಮತ್ತು ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನ ಇಂತಹ ನೋಂದಣಿಯನ್ನು ನಡೆಸುತ್ತಿವೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಸಾಕು. ಹದಿನೆಂಟು ದಾಟಿದ ನಮ್ಮ ಯುವಜನರು ಧರ್ಮಕೇಂದ್ರದ ಹಬ್ಬದ ಸಂದರ್ಭದಲ್ಲಿ ಗುಂಪಾಗಿ ಹೆಸರು ಬರೆಸಬಾರದೇಕೆ? ಆದರೆ ಹೆಸರು ಬರೆಸಿದವರು ಕರೆ ಬಂದಾಗ ಹಿಂಜರಿಯಕೂಡದು. ಎಲ್ಲಿಯೋ ಒಂದು ಮಗುವಿನ ಹಳೆಯ ಮಜ್ಜೆಯನ್ನು ತೆರವುಗೊಳಿಸಿದ ಮೇಲೆ ದಾನಿ ಹಿಂದೆ ಸರಿದರೆ ಆ ಮಗುವಿಗೆ ಸಾವೇ ಗತಿಯಾದೀತು.

ಆರೋಗ್ಯವಂತರಾದ ನಮ್ಮ ಎಲುಬುಗಳೊಳಗಿನ ಒರತೆ ನಾವು ದುಡಿದು ಗಳಿಸಿದ್ದಲ್ಲ, ಉಚಿತವಾಗಿ ಪಡೆದದ್ದು. ಹಂಚಿದರೂ ಬತ್ತದ ಈ ವರವನ್ನು ಹಂಚಲು ಧರ್ಮವೂ ಒಪ್ಪುತ್ತದೆ, ವಿಜ್ಞಾನವೂ ಒಪ್ಪುತ್ತದೆ. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಊಟದ ಹೊತ್ತಿನಲ್ಲಿ ಈ ವಿಷಯವನ್ನು ಮಕ್ಕಳೊಡನೆ ಮಾತನಾಡಿರಿ. ಬಹುಕಾಲದಿಂದ ಬಿಳಿಚಿಕೊಂಡ ಮಗು ನಿಮ್ಮ ನೆರೆಯಲ್ಲಿದ್ದರೆ ಅದರ ತಂದೆತಾಯಿಗಳಿಗೆ ಧೈರ್ಯ ಹೇಳಿ, ಮಕ್ಕಳ ರಕ್ತರೋಗ ತಜ್ಞರ ಬಳಿಗೆ ಅವರೊಡನೆ ನೀವೂ ಹೋಗಿರಿ.